ತಗಡಿನ ವರಾಂಡ

ನನ್ನ ಮಗಳು ಮನೋರಮಾ ಶಾಲೆಯಲ್ಲಿ ಮಾತಾಡುವುದಿಲ್ಲ. ಜೂನ್ ತಿಂಗಳಲ್ಲಿ ಇಲ್ಲಿ ನಾಸಿಕದ ಮರಾಠಿ ಶಾಲೆಯಲ್ಲಿ ಒಂದನೇ ಇಯತ್ತೆಗೆ ಸೇರಿಸಿದ್ದು. ದೀಪಾವಳಿ ಹತ್ತಿರ ಬಂದರೂ ಅವಳ ದನಿ ಹೇಗಿದೆ ಎಂದು ಅವಳ ಟೀಚರಿಗೆ ಗೊತ್ತಿಲ್ಲ. ಮನೆಯಲ್ಲಿ ಎದ್ದ ಗಳಿಗೆಯಿಂದ ಅವಳದೇ ಮಾತು. ತೊಳೆದಿಟ್ಟ ಲೋಟಗಳ ಹತ್ತಿರವೂ ಮಾತಾಡುತ್ತಾಳೆ. ಶಾಲೆಯ ಗೇಟು ದಾಟಿದ ಕೂಡಲೆ ಎಲ್ಲ ನಿಂತುಹೋಗುತ್ತದೆ. ಕಿವಿಯದ್ದೇನಾದರೂ ದೋಷವಿರಬಹುದೇ ಎಂದು ಅವಳ ಬೆನ್ನ ಹಿಂದೆ ನಿಂತು ಚಮಚ ಬೀಳಿಸಿ ನೋಡಿದೆ. ತಿರುಗಿ, "ಅಮ್ಮ, ಎಂತಕ್ಕೆ ಬೀಳಿಸಿದ್ದು?" ಎಂದಳು. ಎರಡು ವರ್ಷದವಳಿದ್ದಾಗ ಬಂದ ಜ್ವರ ತಲೆಗೆ ಏರಿತ್ತೋ ಏನೋ ಎಂದು ಡಾಕ್ಟರನ್ನು ಕೇಳಿದೆ. ಅವರು ನನಗೇ ಟಾನಿಕ್ ಬರೆದುಕೊಟ್ಟರು.

ಶಾಲೆಯವರಿಗೆ ಇಷ್ಟೆಲ್ಲ ಯೋಚನೆ ಬೇಕಿಲ್ಲ. ಅವರ ಹತ್ತಿರ ಮೊದಲೇ ಒಂದು ಏರ್ಪಾಡು ಇದೆ. ದೀಪಾವಳಿ ರಜೆ ಮುಗಿದ ಮೇಲೆ ಒಂದನೇ ಇಯತ್ತೆಯಲ್ಲಿ ಮಾತಾಡದ ಮಕ್ಕಳು, ಮರಾಠಿ ಸರಿಯಾಗಿ ಬಾರದ ಮಕ್ಕಳು, ಎಲ್ಲರನ್ನೂ ಹೆಕ್ಕಿ ಕ ತುಕಡಿ ಎಂಬ ಬೇರೆ ವರ್ಗಕ್ಕೆ ಹಾಕುತ್ತಾರೆ. ಅ ತುಕಡಿ, ಬ ತುಕಡಿ ಕಟ್ಟಡದ ಒಳಗೆ. ಕ ತುಕಡಿ ಹಿಂಬದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಗೋಡೆ ಕಟ್ಟಿ ಮುಚ್ಚಿದ ವರಾಂಡದಲ್ಲಿ. ಅಲ್ಲಿಗೆ ತರಬೇತಿ ಆಗದ, ಆಗಾಗ ಬದಲಾಗುವ ಮಾಸ್ತರರನ್ನು ಕೊಡುತ್ತಾರೆ. ಅವರು ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ಪಾಟಿಯ ಮೇಲೆ ಇಳಿಸಿಕೊಳ್ಳುತ್ತಾರೆ, ಅಳಿಸುತ್ತಾರೆ, ಮತ್ತೆ ಇಳಿಸಿಕೊಳ್ಳುತ್ತಾರೆ. ಅಲ್ಲಿಂದ ಒಳಗೆ ಮರಳಿದ ಮಗುವನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿಲ್ಲ. ನಾಲ್ಕನೇ ಇಯತ್ತೆಯ ಹೊತ್ತಿಗೆ ಹೆಚ್ಚಿನವರು ಶಾಲೆಯನ್ನೇ ಬಿಟ್ಟಿರುತ್ತಾರೆ.

ಮನೋರಮಾಳ ಹೆಸರೂ ಅದಕ್ಕೆ ಹೋಗಿದೆ ಎಂದು ಅವಳ ಟೀಚರ್ ಗೇಟಿನ ಹತ್ತಿರ ಹೇಳಿದರು. "ಹೆದರಬೇಡಿ, ಇದು ಶಾಸ್ತ್ರೀಯ ಪದ್ಧತಿ. ನಮ್ಮ ಕಸ್ತೂರಿಬಾಯಿಯವರ ಸಂಶೋಧನೆಯಿಂದ ಬಂದದ್ದು" ಎಂದೂ ಸೇರಿಸಿದರು.

ಕಸ್ತೂರಿಬಾಯಿ ನನಗೆ ಗೊತ್ತಿದ್ದವರೇ. ನಾಸಿಕದಲ್ಲಿ ನಮ್ಮದು ಸಸ್ಯಾಹಾರಿ ಹೋಟೆಲು. ನನ್ನ ಗಂಡ ಉಮಾನಾಥರ ಊರು ಕುಂದಾಪುರದ ಕಡೆ. ನಾನು ಮಂಗಳೂರು ಪೇಟೆಯಲ್ಲಿ ಓದಿ ಬೆಳೆದವಳು. ನಾಲ್ಕನೇ ಇಯತ್ತೆಗೆ ಕಲಿಸುವ ಈ ಬೀದರ ಕಡೆಯ ಹೆಂಗಸು ಸೋಮವಾರದ ಉಪವಾಸ ಬಿಡಲು ಸಂಜೆ ನಮ್ಮ ಹೋಟೆಲಿಗೆ ಬರುವರು. ಹಣೆಯಲ್ಲಿ ಮೂರು ಗೆರೆ ವಿಭೂತಿ, ಮೈ ತುಂಬ ಹೊದ್ದ ಸೆರಗು, ಸೀಮೆಸುಣ್ಣ ಹಿಡಿದು ಹಿಡಿದು ಬಿರುಕು ಬಿಟ್ಟ ಹೆಬ್ಬೆರಳು. ಫ್ಯಾಮಿಲಿ ರೂಮಿನಲ್ಲಿ ಕುಳಿತು ಉಪ್ಪಿಟ್ಟು ತಿಂದು, ಕಾಫಿಯನ್ನು ಮಾತ್ರ "ಕಷಾಯ ಇದ್ದಂಗ ಅದ" ಎಂದು ಬೈಯುತ್ತಲೇ ಪೂರ್ತಿ ಕುಡಿಯುವರು. ಇಂಥವರು ನನ್ನ ಮಗಳಿಗೆ ಆ ವರಾಂಡವನ್ನು ಕಟ್ಟಿಟ್ಟವರು ಎಂದು ತಿಳಿದಾಗ ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವರ ಮನೆಗೆ ಹೋದೆ.

ಹಳೆಯ ವಾಡೆಯೊಂದರ ಮಹಡಿಯಲ್ಲಿ ಅವರ ಬಾಡಿಗೆ ಮನೆ. ಬಾಗಿಲು ತೆಗೆದವರು ಅವರ ಯಜಮಾನರು ವಿಶ್ವನಾಥಪ್ಪ. ಔರಂಗಾಬಾದಿನ ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದು, ದಮ್ಮಿನ ದೆಸೆಯಿಂದ ಕೆಲಸ ಬಿಟ್ಟು ಮನೆಯಲ್ಲಿರುವವರು. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ.

"ಕ ತುಕಡಿ ವಿಷಯ ಏನ್ರೀ?" ಎಂದರು. "ಬರ್ರಿ, ಕೂಡ್ರಿ. ನಮ್ಮ ಮನ್ಯಾಗೂ ತುಕಡಿ ಅದಾವ. ಅಡಗಿ ಮನಿ ಅ ತುಕಡಿ. ನಾ ಹೊರಗ ಕುಂತೀನಿ, ಕ."

"ಸಾಕು ಮಾಡ್ರಿ ನಿಮ್ಮ ಚ್ಯಾಷ್ಟಿ" ಎನ್ನುತ್ತ ಕಸ್ತೂರಿಬಾಯಿ ಒಳಗಿನಿಂದ ಬಂದರು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ನಾನು ಬಯ್ಯಬೇಕೆಂದು ಬಂದವಳು ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಕೈ ತೊಳೆದು ಬಂದು, ಎದುರಿಗೆ ಕುಳಿತು, "ಅದನ್ನ ನಾ ಕಟ್ಟಿಲ್ರೀ ಅನಸೂಯಾಬಾಯಿ. ಆದ್ರ ನನ್ನಿಂದಾನೇ ಆಗ್ಯದ. ಎರಡೂ ಖರೇನ" ಎಂದರು.

ಅವರು ಹುಟ್ಟಿದ್ದು ಭಾಲ್ಕಿಯಲ್ಲಿ, ನಿಜಾಮರ ಕಾಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಮೊದಲ ವರ್ಷ ಪೂರ್ತಿ ಏನೂ ತಿಳಿಯದೆ ಕುಳಿತಿದ್ದರಂತೆ. ಪಕ್ಕದಲ್ಲಿ ಕೂರುತ್ತಿದ್ದ ಬಣ್ಣಗಾರರ ಹುಡುಗಿಗೆ ಎರಡೂ ಮಾತು ಬರುತ್ತಿತ್ತು. ಮೌಲವಿ ಕೇಳಿದ್ದನ್ನು ಅವಳು ಇವರ ಕಿವಿಯಲ್ಲಿ ಹೇಳುವಳು, ಇವರು ಅವಳ ಕಿವಿಯಲ್ಲಿ ಉತ್ತರ ಹೇಳುವರು, ಅವಳು ಎದ್ದು ನಿಂತು ಒದರುವಳು. "ಮೊದಲ ವರ್ಷ ನಾ ಆಕಿ ಬಾಯಿಲೇ ಪಾಸಾದೆ. ಮರುವರ್ಷ ನಂದೇ ಬಾಯಿ ಬಂತು" ಎಂದರು.

ಮದುವೆಯಾಗಿ ಔರಂಗಾಬಾದಿಗೆ ಬಂದು, ಮರಾಠಿ ಕಲಿತು, ತರಬೇತಿ ಮುಗಿಸಿ, ಹಲವು ಊರುಗಳಲ್ಲಿ ಶಾಲೆ ನಡೆಸುವ ನಾಸಿಕದ ಒಂದು ಸಂಸ್ಥೆಯ ಅಲ್ಲಿನ ಪ್ರಾಥಮಿಕ ಶಾಲೆಗೆ ಸೇರಿದರು. ಅರವತ್ತರ ದಶಕದ ನಡುವೆ ತರಬೇತಿ ಕಾಲೇಜಿನವರು ಊರಿನ ಶಿಕ್ಷಕರನ್ನೆಲ್ಲ ಕರೆಸಿ ಒಂದು ಹೊಸ ಕೆಲಸ ಹೇಳಿಕೊಟ್ಟರಂತೆ. ಸಂಶೋಧನೆ ಎಂದರೆ ದೊಡ್ಡವರು ಮಾತ್ರ ಮಾಡುವಂಥದಲ್ಲ; ನಿಮ್ಮ ವರ್ಗದಲ್ಲಿ ನಿಮ್ಮನ್ನು ಕಾಡುವ ಒಂದು ತೊಂದರೆ ಆರಿಸಿಕೊಳ್ಳಿ, ಅದಕ್ಕೆ ಕಾರಣ ಏನಿರಬಹುದೆಂದು ಊಹಿಸಿ, ಒಂದು ಉಪಾಯ ಮಾಡಿ, ಅದು ಫಲಿಸಿತೋ ಇಲ್ಲವೋ ಅಳೆದು ಬರೆಯಿರಿ. ಕ್ರಿಯಾ ಸಂಶೋಧನೆ ಎಂದು ಅದಕ್ಕೆ ಹೆಸರು. ಉಳಿದ ಶಿಕ್ಷಕರು ಕಾಗುಣಿತದ ತಪ್ಪು, ಉಗುರು ಕತ್ತರಿಸದ ಮಕ್ಕಳು, ಇಂಥವನ್ನು ಆರಿಸಿಕೊಂಡರು. ಕಸ್ತೂರಿಬಾಯಿ ಆರಿಸಿಕೊಂಡದ್ದು ಮಾತಾಡದ ಮಕ್ಕಳನ್ನು. ಮಗ್ಗದವರ ಮನೆಯ ದಖನಿ ಮಾತಿನ ಮಕ್ಕಳು, ವೇರೂಳ್ ರಸ್ತೆಯಲ್ಲಿ ಕಲ್ಲು ಒಡೆಯುವ ವಡ್ಡರ ಮಕ್ಕಳು, ಲಂಬಾಣಿ ಮಕ್ಕಳು, ಒಂದಿಬ್ಬರು ಕನ್ನಡದವರು. ಎಲ್ಲರನ್ನೂ ಮಂದ ಬುದ್ಧಿ ಎಂದು ಹಿಂದಿನ ಸಾಲಿಗೆ ತಳ್ಳಿದ್ದರು.

ಅವರ ಉಪಾಯ ಸರಳವಾಗಿತ್ತು. ಮಾತಾಡದ ಒಂದು ಮಗು, ಮಾತಾಡುವ ಒಂದು ಮಗು, ಹೀಗೆ ಜೋಡಿ ಮಾಡಿದರು. ಪ್ರಶ್ನೆ ಕೇಳುವುದು ಜೋಡಿಯನ್ನು, ಒಂದು ಮಗುವನ್ನಲ್ಲ. ಅವರು ತಮ್ಮೊಳಗೆ ಯಾವ ಮಾತಿನಲ್ಲಾದರೂ ಪಿಸುಗುಟ್ಟಿಕೊಳ್ಳಲಿ, ಯಾರಾದರೊಬ್ಬರು ಉತ್ತರ ಹೇಳಲಿ.

"ಖರೇ ಹೇಳಬೇಕಂದ್ರ ನಾ ಏನೂ ಮಾಡಲಿಲ್ರೀ. ಸುಮ್ಮ ಕೂಡ್ರಿಸಿದೆ" ಎಂದರು.

"ಈಕಿ ಸುಮ್ಮ ಕೂಡ್ರಿಸಿದ್ದು ಬರದು ತಗಿಲಿಕ್ಕೆ ಒಂದು ಬ್ಯಾಸಗಿ ಹೋತು" ಎಂದು ವಿಶ್ವನಾಥಪ್ಪ ಕೆಮ್ಮುತ್ತ ಹೇಳಿದರು. "ಕಂದೀಲಿನ ಗಾಜು ಒರಿಸಿದಾವ ನಾನು. ನನಗೂ ಒಂದು ಪ್ರಶಸ್ತಿಪತ್ರ ಕೊಡಬೇಕಾಗಿತ್ತು."

ಆದರೆ ಅಳೆಯಬೇಕಲ್ಲ. ಅಳೆಯುವುದೆಂದರೆ ಹೋಲಿಸುವುದು ಎಂದು ಕಾಲೇಜಿನವರು ಹೇಳಿದ್ದರು. ಹಾಗಾಗಿ ಮಾತಾಡದವರಲ್ಲಿ ಅರ್ಧ ಮಕ್ಕಳನ್ನೂ, ಅವರಿಗೆ ಜೋಡಿಯಾಗಿ ಅಷ್ಟೇ ಮಂದಿ ಮಾತಾಡುವ ಮಕ್ಕಳನ್ನೂ ಕರೆದುಕೊಂಡು ಆ ಶಾಲೆಯ ಹಿಂದಿನ ತಗಡಿನ ವರಾಂಡಕ್ಕೆ ಹೋದರು. ಉಳಿದರ್ಧ ಒಳಗೇ ಇದ್ದರು, ಇನ್ನೊಬ್ಬ ಶಿಕ್ಷಕರ ಹತ್ತಿರ ಹಳೆಯ ರೀತಿಯಲ್ಲೇ ಕಲಿಯುತ್ತ. ಎರಡು ಕಡೆಯ ಗದ್ದಲ ಕಲೆತು ಲೆಕ್ಕ ತಪ್ಪಬಾರದು, ಅದಕ್ಕಾಗಿ ಮಾತ್ರ ಆ ವರಾಂಡ. ಬೇರೇನೂ ಕಾರಣ ಇರಲಿಲ್ಲ. ಮಳೆ ಬಂದಾಗ ತಗಡಿನ ಸದ್ದಿಗೆ ಪಾಠವೇ ಕೇಳಿಸುತ್ತಿರಲಿಲ್ಲವಂತೆ. ಮಕ್ಕಳು ಆಗ ಇನ್ನೂ ಹತ್ತಿರ ಸರಿದು ಕಿವಿಯಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ.

ದೀಪಾವಳಿಯ ಹೊತ್ತಿಗೇ ವರಾಂಡದ ಮಕ್ಕಳು ಬಾಯಿ ಬಿಟ್ಟಿದ್ದರು. ಒಳಗಿನವರು ಹಾಗೇ ಇದ್ದರು. ಉಪಾಯ ಫಲಿಸಿದೆ ಎಂದು ಕಸ್ತೂರಿಬಾಯಿಗೆ ಗೊತ್ತಾಗಿತ್ತು. ಒಳಗಿನವರಿಗೂ ಅದನ್ನೇ ಮಾಡಿದ್ದರೆ ಹೋಲಿಕೆ ಕೆಡುತ್ತಿತ್ತು. ವರ್ಷ ಮುಗಿಯುವವರೆಗೆ ಏನನ್ನೂ ಬದಲಿಸಬಾರದೆಂದು ನಿಯಮ.

"ಒಳಗ ಒಬ್ಬಾಕಿ ಲಂಬಾಣಿ ಹುಡುಗಿ ಇದ್ಲು" ಎಂದು ಕಸ್ತೂರಿಬಾಯಿ ಹೇಳಿದರು. "ಆಕಿ ಕಿಟಕಿಯಿಂದ ವರಾಂಡದ ಕಡಿಗೇ ನೋಡ್ತಿದ್ಲು. ನಾ ಹೋಗಿ ಕಿಟಕಿ ಮುಚ್ಚಿದೆ, ಲೆಕ್ಕ ಕೆಡ್ತದಂತ. ಮುಂದಿನ ವರ್ಷ ಆಕಿ ಶಾಲೀಗಿ ಬರಲಿಲ್ಲ."

ವಿಶ್ವನಾಥಪ್ಪ ಈ ಮಾತಿಗೆ ಏನೂ ತಮಾಷೆ ಮಾಡಲಿಲ್ಲ. ಎದ್ದು ಹೋಗಿ ನನಗೆ ನೀರು ತಂದುಕೊಟ್ಟರು.

ವರದಿಗೆ ಪ್ರಶಸ್ತಿಪತ್ರ ಬಂತು. ಸಂಸ್ಥೆಯವರು ಹಾರ ಹಾಕಿದರು. ಜೂನ್‌ನಲ್ಲಿ ಕಸ್ತೂರಿಬಾಯಿ ಶಾಲೆಗೆ ಹೋಗಿ ನೋಡುತ್ತಾರೆ, ವರಾಂಡಕ್ಕೆ ಗೋಡೆ ಎದ್ದಿದೆ. ಬಾಗಿಲ ಮೇಲೆ ಕ ತುಕಡಿ ಎಂದು ಬರೆದಿದೆ. ಒಳಗೆ ಊರಿನ ಮಾತಾಡದ ಮಕ್ಕಳಷ್ಟೇ ಇದ್ದಾರೆ. ಮಾತಾಡುವ ಒಂದು ಮಗುವೂ ಇಲ್ಲ. ಅವರ ಸಂಶೋಧನೆಯಿಂದ ಸಂಸ್ಥೆ ತೆಗೆದುಕೊಂಡದ್ದು ಜೋಡಿಯನ್ನಲ್ಲ, ವರಾಂಡವನ್ನು. ಪಿಸುಗುಟ್ಟಲು ಪಕ್ಕದಲ್ಲಿ ಯಾರೂ ಇಲ್ಲದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಿದ್ದರು.

ಹೇಳಿದರು, ಬರೆದುಕೊಟ್ಟರು, ಕಾಲೇಜಿಗೆ ಹೋಗಿ ಬಂದರು. ಮೊದಲು ಈ ಕೆಲಸ ಹೇಳಿಕೊಟ್ಟವರು ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿದ್ದರು. ಜೋಡಿಯಿಲ್ಲದ ವರಾಂಡ ಫಲಿಸುವುದಿಲ್ಲ ಎಂದು ತೋರಿಸಲು ಎರಡನೆಯ ಸಂಶೋಧನೆ ಮಾಡುತ್ತೇನೆ ಎಂದು ಅನುಮತಿ ಕೇಳಿದರು. ಒಮ್ಮೆ ಸಾಬೀತಾದದ್ದನ್ನು ಮತ್ತೆ ಸಾಬೀತುಪಡಿಸುವ ಅಗತ್ಯ ಏನೆಂದು ಸಂಸ್ಥೆ ಕೇಳಿತು. ಆಮೇಲೆ ಅವರನ್ನು ನಾಸಿಕದ ಈ ಶಾಲೆಗೆ ವರ್ಗ ಮಾಡಿತು, ನಾಲ್ಕನೇ ಇಯತ್ತೆಗೆ. ಅವರ ಹಿಂದೆಯೇ ಕ ತುಕಡಿಯೂ ನಾಸಿಕಕ್ಕೆ ಬಂತು, ತಗಡಿನ ವರಾಂಡದ ಸಮೇತ. ಈಗ ಸಂಸ್ಥೆಯ ಘೋಟಿ ಶಾಲೆಗೂ ಹೋಗಿದೆ. ಚಾಂದವಡ್‌ಗೆ ಹೋಗುವುದಿದೆ.

"ನಿಮ್ಮ ಕೂಸಿನ ಬಾಜೂಕ ಯಾರು ಕೂಡ್ತಾರ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಚಿಂತೆ ಮಾಡಿದವಳು ಅದೊಂದನ್ನು ಕೇಳಿರಲಿಲ್ಲ.

"ನಾಳಿ ಬರ್ರಿ. ಕಿಟಕಿ ಹತ್ರ ನಿಂತು ನೋಡೂಣು."

ಮರುದಿನ ನೋಡಿದೆ. ಮನೋರಮಾಳ ಪಕ್ಕ ಕೂರುವವಳು ಚನ್ನಮ್ಮ, ವಿದ್ಯುತ್ ಮಂಡಳಿಯ ಲೈನ್‌ಮನ್ ಗುರುಲಿಂಗಪ್ಪನ ಮಗಳು. ಅವರೂ ಬೀದರದ ಕಡೆಯವರೇ. ಆ ಹುಡುಗಿ ಮಾತಿನ ಮಲ್ಲಿ. ಕನ್ನಡ, ಮರಾಠಿ, ಹಿಂದಿ ಎಲ್ಲ ಕಲಸಿ ಧೈರ್ಯವಾಗಿ ಒದರುತ್ತಾಳೆ. ಮರಾಠಿ ಶುದ್ಧವಿಲ್ಲ ಎಂದು ಅವಳನ್ನೂ ಕ ತುಕಡಿಗೆ ಬರೆದಿದ್ದರು. ಟೀಚರ್ ಬೋರ್ಡಿನ ಮೇಲೆ ಒಂದು ಚಿತ್ರ ತೋರಿಸಿ ಏನೋ ಕೇಳಿದರು. ನನ್ನ ಮಗಳ ತಲೆ ಬಾಗಿತು. ಚನ್ನಮ್ಮನ ಕಿವಿಯ ಹತ್ತಿರ ಅವಳ ತುಟಿ ಅಲ್ಲಾಡಿತು. ಚನ್ನಮ್ಮ ಎದ್ದು ನಿಂತು ಕೂಗಿದಳು. ಟೀಚರ್ ಚನ್ನಮ್ಮನಿಗೆ ಶಾಬಾಸ್ ಹೇಳಿದರು. ನನ್ನ ಮಗಳು ತನಗೇ ಹೇಳಿದ ಹಾಗೆ ನಕ್ಕಳು.

"ಮಾತು ಬರಲಿಕ್ಹತ್ಯದ. ಈ ಇಬ್ಬರನ್ನ ಹಿಂಗೇ ಒಳಗ ಇಟ್ರ ಹೋಳಿ ಹುಣ್ಣಿಮಿ ಒಳಗ ನಿಮ್ಮಾಕಿ ತಾನೇ ಎದ್ದು ನಿಂದರ್ತಾಳ. ಬಿಡಿಸಿದ್ರ ಹೇಳಲಿಕ್ಕಾಗಂಗಿಲ್ಲ" ಎಂದರು ಕಸ್ತೂರಿಬಾಯಿ. ಸಂತೋಷದ ಸುಳಿವೂ ಇಲ್ಲದ ದನಿ. ಈ ಸಂಗತಿಯನ್ನು ಅವರು ಎಷ್ಟೋ ಕಿಟಕಿಗಳಿಂದ ನೋಡಿದ್ದರು.

ಅಲ್ಲಿಂದ ನೇರವಾಗಿ ನನ್ನನ್ನು ಮುಖ್ಯಾಧ್ಯಾಪಕರ ಕೋಣೆಗೆ ಕರೆದುಕೊಂಡು ಹೋದರು. ಮುಖ್ಯಾಧ್ಯಾಪಕರು ಕೆಟ್ಟವರಲ್ಲ. ಎದ್ದು ನಿಂತು ಕಸ್ತೂರಿಬಾಯಿಗೆ ನಮಸ್ಕಾರ ಮಾಡಿದರು, ಚಹಾ ತರಿಸಿದರು. ಎಲ್ಲ ಕೇಳಿದ ಮೇಲೆ ಕಪಾಟಿನಿಂದ ಅವರದೇ ವರದಿ ತೆಗೆದು ಮೇಜಿನ ಮೇಲಿಟ್ಟರು.

"ನೀವೇ ಬರೆದದ್ದು ಕಸ್ತೂರಿಬಾಯಿ. ಹೊರಗೆ ಕೂತವರು ಕಲಿತರು, ಒಳಗೆ ಕೂತವರು ಕಲಿಯಲಿಲ್ಲ. ನಾವು ಅದಕ್ಕಿಂತ ಬೇರೆ ಏನು ಮಾಡಿದ್ದೇವೆ?"

"ಹೊರಗೆ ಜೋಡಿ ಇದ್ದವು ಸರ್. ಈಗ ಜೋಡಿ ಎಲ್ಲಿವೆ?" ಕಸ್ತೂರಿಬಾಯಿಯವರ ಮರಾಠಿ ಅಚ್ಚುಕಟ್ಟು, ಅವರ ಕನ್ನಡಕ್ಕಿಂತ ಮೆತ್ತಗೆ.

"ಜೋಡಿ ಬೇಕೆಂದರೆ ಅ ತುಕಡಿಯ ಮಕ್ಕಳನ್ನು ಅಲ್ಲಿಗೆ ಕಳಿಸಬೇಕು. ಅವರ ತಾಯಂದಿರು ಒಪ್ಪುತ್ತಾರೆಯೇ?" ಎಂದವರು ನನ್ನ ಕಡೆ ತಿರುಗಿದರು. "ಇವರನ್ನೇ ಕೇಳೋಣ. ಹೇಳಿ ತಾಯಿ, ನಿಮ್ಮ ಮಗಳು ಚೆನ್ನಾಗಿ ಮಾತಾಡುವವಳಾಗಿದ್ದರೆ, ಮಾತು ಬಾರದ ಮಗುವಿನ ಪಕ್ಕ ಕೂರಲಿ ಎಂದು ಆ ತಗಡಿನ ಕೆಳಗೆ ಕಳಿಸುತ್ತಿದ್ದಿರಾ?"

ನನಗೆ ಹೊಳೆದ ಉತ್ತರವನ್ನು ಹೇಳುವ ಹಾಗಿರಲಿಲ್ಲ. ಕಸ್ತೂರಿಬಾಯಿ ನನ್ನ ಕಡೆ ನೋಡದೆ, ಆ ವರದಿಯ ರಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಸರಿಮಾಡಿದರು.

"ಹಾಗಾದರೆ ಈ ಇಬ್ಬರನ್ನು ಒಳಗೇ ಬಿಡಿ" ಎಂದರು.

"ಇಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬರುತ್ತಾರೆ. ಪದ್ಧತಿ ಅಂದರೆ ಪದ್ಧತಿ. ಅದೂ ನಿಮ್ಮ ಪದ್ಧತಿ."

ಹೊರಗೆ ಬಂದಾಗ ಗೇಟಿನಲ್ಲಿ ಗುರುಲಿಂಗಪ್ಪ ಮಗಳಿಗಾಗಿ ಕಾಯುತ್ತಿದ್ದ. ಹೆಗಲಿಗೆ ಹಗ್ಗ, ಕಾಲಲ್ಲಿ ರಬ್ಬರಿನ ಬೂಟು. ನನ್ನನ್ನು ನೋಡಿ ಟೊಪ್ಪಿಗೆ ತೆಗೆದ. "ನಿಮ್ಮ ಕೂಸೂ ನಮ್ಮ ಚನ್ನಿ ಸಂಗಾಟ ಹಿಂದಿನ ವರ್ಗಕ್ಕ ಹೋಗ್ತದಂತಲ್ರೀ. ಛಲೋ ಆತು ಬಿಡ್ರಿ. ಹೋಟೆಲ್‌ನವರ ಮಗಳನ್ನೂ ಹಾಕ್ಯಾರಂದ್ರ ವರ್ಗ ಕೆಟ್ಟದ್ದಿರಲಿಕ್ಕಿಲ್ಲ" ಎಂದ. ನಾವಿಬ್ಬರೂ ಸುಮ್ಮನೆ ತಲೆಯಾಡಿಸಿದೆವು.

ನಮ್ಮ ಹೋಟೆಲಿನ ತಿರುವು ಬಂದಾಗ ಕಸ್ತೂರಿಬಾಯಿ ನಿಂತರು.

"ಸಂಸ್ಥೆ ಕಾರ್ಯದರ್ಶಿಗಳು ನಿಮ್ಮ ಹೋಟೆಲಿಗೆ ಬರ್ತಾರಲ್ರೀ?"

"ದಿನಾ ಬೆಳಿಗ್ಗೆ ಇಡ್ಲಿಗೆ ಬರುತ್ತಾರೆ."

"ಅವರಿಗೆ ಫೋನ್ ಮಾಡ್ರಿ. ನಿಮ್ಮ ಕೂಸಿನ ಹೆಸರು ತಗೀತಾರ."

"ನೀವೇ ಹೀಗೆ ಹೇಳುವುದಾ?"

"ನಾ ಕಂಡಿದ್ದು ಹೇಳಲಿಕ್ಹತ್ತೀನಿ. ನಾ ಬರದು ಕೊಟ್ಟಿದ್ದರಿಂದ ಒಂದು ಕೂಸೂ ಒಳಗ ಬಂದಿಲ್ಲ. ಫೋನಿನಿಂದ ಬಂದಾವ, ಕೆಲವು." ಸೆರಗನ್ನು ಇನ್ನೊಂದು ಸುತ್ತು ಬಿಗಿದುಕೊಂಡರು. "ಇಬ್ಬರ ಸಲುವಾಗಿ ಕೇಳ್ರಿ. ಆಗ್ತದಂತ ನನಗ ಅನಿಸಂಗಿಲ್ಲ. ಆದ್ರೂ ಕೇಳ್ರಿ."

ಹೊರಟವರು ತಿರುಗಿ ಇನ್ನೊಂದು ಮಾತು ಹೇಳಿದರು. ಸಂಸ್ಥೆ ಅವರನ್ನು ಚಾಂದವಡ್‌ಗೆ ಕಳಿಸುತ್ತಿದೆಯಂತೆ, ಅಲ್ಲಿ ಕ ತುಕಡಿ ಶುರುಮಾಡಿ ಕೊಡಲು. ಪದ್ಧತಿ ಹುಟ್ಟಿಸಿದವರ ಕೈಯಿಂದಲೇ ಉದ್ಘಾಟನೆ ಆಗಲಿ ಎಂದು. ನಿವೃತ್ತಿಗೆ ಮುಂಚಿನ ಕೊನೆಯ ಕೆಲಸ.

"ಹೋಗುವುದಿಲ್ಲ ಅನ್ನಿ" ಎಂದೆ.

"ನಾ ಹೋಗಲಿಲ್ಲಂದ್ರ ಬ್ಯಾರೆಯವರು ಹೋಗ್ತಾರ. ನಾ ಹೋದ್ರ ಒಂದಿಷ್ಟು ದಿನ ಆದ್ರೂ ಜೋಡಿ ಮಾಡಿ ಕೂಡ್ರಿಸ್ತೀನಿ. ಸಾಹೇಬರು ನೋಡಲಿಕ್ಕೆ ಬರೂತನಕ." ಅದು ತಮಾಷೆಯೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಗಂಡನ ಹತ್ತಿರ ಇರುವ ನಗು ಅವರ ಹತ್ತಿರ ಇಲ್ಲ.

ನಾನು ಆ ದಿನ ಫೋನು ಮಾಡಲಿಲ್ಲ, ಮರುದಿನವೂ ಇಲ್ಲ. ಮಾಡಿ ಮಗಳೊಬ್ಬಳನ್ನೇ ಒಳಗಿಟ್ಟರೆ ಅವಳ ಪಕ್ಕದ ಚನ್ನಮ್ಮನ ಕಿವಿ ತಪ್ಪಿಹೋಗುತ್ತದೆ. ಮಾಡದಿದ್ದರೆ ಕಿವಿ ಉಳಿಯುತ್ತದೆ, ಕಲಿಸುವವರಿರುವುದಿಲ್ಲ. ಅಡುಗೆಮನೆಯಲ್ಲಿ ಮನೋರಮಾ ಲೋಟಗಳನ್ನು ಸಾಲಾಗಿಟ್ಟು ಪಾಠ ಮಾಡುತ್ತಿದ್ದಳು. ಎರಡೆರಡು ಲೋಟಗಳನ್ನು ತಾಗಿಸಿ ಇಟ್ಟಿದ್ದಳು.

ಶಾಲೆ ರಜೆಗೆ ಮುಚ್ಚುವ ದಿನ ಉಮಾನಾಥರು ಕೌಂಟರಿನಿಂದ ಒಳಗೆ ಬಂದು ಕೇಳಿದರು: "ಎಂತ ಮಾಡಿದ್ದು ನೀನು? ನಾನು ಮಾತಾಡ್ಲಾ ಅವರ ಹತ್ರ?"

"ಬೇಡ. ನಾನೇ ಮಾಡುತ್ತೇನೆ. ಇಬ್ಬರ ವಿಷಯ ಹೇಳಬೇಕು."

"ಇಬ್ಬರದ್ದೆಲ್ಲ ಹೇಳ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ಒಬ್ಬಳದ್ದು ಅಂದ್ರೆ ಉಪಕಾರ. ಇಬ್ಬರದ್ದು ಅಂದ್ರೆ ತಕರಾರು."

ಮಧ್ಯಾಹ್ನದ ಊಟದ ಗಲಾಟೆ ಇಳಿದ ಮೇಲೆ ಕೌಂಟರಿನ ಫೋನಿನ ಹತ್ತಿರ ನಿಂತೆ. ನಂಬರು ತಿರುಗಿಸಿದೆ. ಕಾರ್ಯದರ್ಶಿಗಳೇ ಎತ್ತಿದರು.

"ಬೋಲಾ ವಹಿನಿ" ಎಂದರು, ಮನೆಯ ಅತ್ತಿಗೆಯನ್ನು ಕರೆದಷ್ಟು ಪ್ರೀತಿಯಿಂದ. ಇವತ್ತಿನ ಚಟ್ನಿಯನ್ನು ಹೊಗಳಿದರು. ನಾನು ಮನೋರಮಾಳ ಹೆಸರು ಹೇಳುತ್ತಿದ್ದಂತೆ, "ಅಯ್ಯೋ, ಇಷ್ಟಕ್ಕೆ ಫೋನ್ ಯಾಕೆ, ಇಡ್ಲಿ ಕೊಡುವಾಗ ಹೇಳಿದ್ದರೆ ಆಗುತ್ತಿತ್ತಲ್ಲ. ಆಯಿತೆಂದು ತಿಳಿಯಿರಿ" ಎಂದರು.

"ಇನ್ನೊಂದು ಮಗು ಇದೆ" ಎಂದೆ. "ಚನ್ನಮ್ಮ ಅಂತ. ನನ್ನ ಮಗಳ ಪಕ್ಕ ಕೂರುವವಳು. ಲೈನ್‌ಮನ್ ಗುರುಲಿಂಗಪ್ಪನ ಮಗಳು. ಇಬ್ಬರೂ ಒಟ್ಟಿಗೆ ಇದ್ದರೆ ಮಾತ್ರ ಮಾತು ಬರುತ್ತದೆ ಎಂದು ಕಸ್ತೂರಿಬಾಯಿಯವರು..."

ಅವರು ನಗುತ್ತ ಹೇಳಿದರು: "ವಹಿನಿ, ಕಸ್ತೂರಿಬಾಯಿಯವರ ಸಂಶೋಧನೆಯೇ ಹೇಳುತ್ತದಲ್ಲ, ಅಂಥ ಮಕ್ಕಳು ಹೊರಗೆ ಕೂತರೇ ಚೆನ್ನಾಗಿ ಕಲಿಯುತ್ತಾರೆ ಅಂತ. ಅವಳಿಗೆ ಅಲ್ಲೇ ಒಳ್ಳೆಯದು. ನಿಮ್ಮ ಮಗಳ ಮಾತು ಬೇರೆ. ಒಬ್ಬಳದೇ ಬರೆದುಕೊಳ್ಳಲಾ?"

ನಾನು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡೆ. ಕೌಂಟರಿನ ಆಚೆ ಉಮಾನಾಥರು ಸೋಂಪಿನ ಬಟ್ಟಲನ್ನು ಒರೆಸುತ್ತ ಕಾಯುತ್ತಿದ್ದರು.

"ವಹಿನಿ? ಕೇಳಿಸಿತೇ?"

"ಹೂಂ" ಎಂದೆ. "ಒಬ್ಬಳದೇ."